ಗೋಡೆಯ ತೂತು, ತಂತಿಯ ಕಥೆ

ಕಳೆದ ತಿಂಗಳು ಮನೆಗೆ ಹೊಸ ಇಂಟರ್ನೆಟ್ ಲೈನ್ ಎಳೆಯಲು ಇಬ್ಬರು ಹುಡುಗರು ಬಂದಿದ್ದರು. ವಿಶಾಖಪಟ್ಟಣದ ದ್ವಾರಕಾ ನಗರದಲ್ಲಿ, ಆರ್‌ಟಿಸಿ ಕಾಂಪ್ಲೆಕ್ಸಿನಿಂದ ನಡೆದೇ ಬರಬಹುದಾದಷ್ಟು ದೂರದಲ್ಲಿ ನಮ್ಮ ಮನೆ. ಹಳೇ ಕಟ್ಟಡ, ಒಂದೂವರೆ ಅಡಿ ದಪ್ಪದ ಕಲ್ಲಿನ ಹೊರಗೋಡೆ. ಪಡುವಣ ಬಿಸಿಲು ತಡೆಯಲಿ ಅಂತ ಏಸಿ ಹಾಕಿಸಿದ ವರ್ಷ ಆ ಗೋಡೆಗೆ ಒಳಗಡೆಯಿಂದ ಥರ್ಮೋಕೋಲ್ ಇಟ್ಟು ಮೇಲೆ ಪ್ಲೈವುಡ್ ಹೊಡೆಸಿದ್ದೆವು. ಹುಡುಗ ಐದು ನಿಮಿಷ ಡ್ರಿಲ್ ಒತ್ತಿ ಹಿಡಿದು, ಬೆವರು ಒರೆಸಿಕೊಂಡು, "ಗೋಡ ಚಾಲಾ ಮಂದಂ ಸಾರ್" ಅಂದ. ತೆಲುಗಿನಲ್ಲಿ ಗೋಡೆ 'ಮಂದ', ನಮ್ಮಲ್ಲಿ ಮೊಸರು ಮಂದ! ಇಲ್ಲಿಗೆ ಬಂದು ಮೂವತ್ತು ವರ್ಷ ದಾಟಿದರೂ ಇಂಥದ್ದೊಂದು ಕಿವಿಗೆ ಬಿದ್ದರೆ ಈಗಲೂ ಖುಷಿಯಾಗುತ್ತೆ.

ಆಮೇಲೆ ಅವನು ಏಣಿ ಹತ್ತಿ ಹೊರಗಿನಿಂದ, ಮೇಲಿಂದ ಕೆಳಕ್ಕೆ ಓರೆಯಾಗಿ ತೂತು ಹೊಡೆಯಲು ಹೊರಟ. "ಬೇಡಪ್ಪಾ, ಇಳಿ" ಅಂತ ಕೂಗಿಬಿಟ್ಟೆ. ನನ್ನ ದನಿ ಕೇಳಿ ಅವನೇ ಬೆಚ್ಚಿಬಿದ್ದ. ಒಂದು ತೂತಿಗೆ ಇಷ್ಟು ಗಾಬರಿ ಯಾಕೆ ಅನ್ನುತ್ತೀರಾ? ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಊರು ಮಳವಳ್ಳಿ ಕಡೆ. ಶಿವನಸಮುದ್ರ ನಮ್ಮ ತಾಲ್ಲೂಕಿನದೇ. ಅಲ್ಲಿ ಕಾವೇರಿ ನೀರಿನಿಂದ ಕರೆಂಟು ತೆಗೆದು, 1902ರ ಜೂನ್‌ನಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲು ಉಳಿಯಲಿಲ್ಲ, 1901ರಲ್ಲೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳು ಹತ್ತಿದವು. ಇದೆಲ್ಲ ಶಾಲೆಯಲ್ಲಿ ಓದಿದ್ದೇ. ಆದರೆ ಪಕ್ಕದಲ್ಲೇ ಇದ್ದ ನಮ್ಮ ಅಜ್ಜನ ಮನೆಗೆ ಕರೆಂಟು ಬಂದದ್ದು ಅರವತ್ತರ ದಶಕದಲ್ಲಿ. ಹುಟ್ಟಿದ್ದು ನಮ್ಮಲ್ಲಿ, ಬೆಳಗಿದ್ದು ಬೇರೆ ಕಡೆ. ವಲಸೆ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ ಬಿಡಿ.

ಅಜ್ಜನ ಮನೆ ಮಣ್ಣಿನ ಗೋಡೆಯದು, ಎರಡು ಅಡಿ ದಪ್ಪ. ಬೇಸಿಗೆಯಲ್ಲಿ ಒಳಗೆ ತಂಪು, ಮಾಗಿಯಲ್ಲಿ ಬೆಚ್ಚಗೆ. ಆ ಗೋಡೆ ಕಟ್ಟಿದವರಿಗೆ ತಂತಿಯ ಕಲ್ಪನೆಯೇ ಇರಲಿಲ್ಲ. ಹಾಗಾಗಿ ವೈರ್‌ಮನ್ ಬಂದಾಗ ಮನೆಮಂದಿಯೆಲ್ಲ ಸುತ್ತ ನಿಂತು ನೋಡಿದರಂತೆ. ಅವನು ಉಳಿ ಸುತ್ತಿಗೆ ಹಿಡಿದು ಒಂದು ದಿನವೆಲ್ಲ ಕೂತು ಒಂದೇ ಒಂದು ತೂತು ಮಾಡಿದ. ಅದರೊಳಗೆ ಪಿಂಗಾಣಿಯ ಕೊಳವೆ ತೂರಿಸಿದ, ಅದೂ ಹೊರಗಡೆಗೆ ಸ್ವಲ್ಪ ಇಳಿಜಾರಾಗಿ. ಹೊರಗಿನ ತಂತಿಯನ್ನು ನೇರ ಒಳಗೆ ಬಿಡದೆ, ಕೆಳಗೆ ಒಂದು ಬಳಸು ಕೊಟ್ಟು ಮತ್ತೆ ಮೇಲೆತ್ತಿ ಕೊಳವೆಗೆ ಸೇರಿಸಿದ. ಅಜ್ಜ ಕಾಸಿಗೆ ಕಾಸು ಲೆಕ್ಕ ಹಾಕುವ ಮನುಷ್ಯ. "ಅದ್ಯಾಕಯ್ಯ ಮೊಳ ತಂತಿ ದಂಡ ಮಾಡ್ತೀಯ?" ಅಂದರಂತೆ. "ಮಳೆ ನೀರು ತಂತಿ ಹಿಡ್ಕಂಡೇ ಬತ್ತದೆ ಯಜಮಾನ್ರೇ. ಇಲ್ಲೇ ತೊಟ್ಟಿಕ್ಲಿ, ಒಳೀಕ್ ಬರಾದ್ ಬ್ಯಾಡ" ಅಂದನಂತೆ ಅವನು. ಅಮ್ಮ ಈ ಮಾತನ್ನು ಅವನ ದನಿಯಲ್ಲೇ ಹೇಳಿ ನಗುತ್ತಿದ್ದಳು.

ಆ ವೈರ್‌ಮನ್ ಹೇಳಿದ್ದು ಬರೀ ಹಳ್ಳಿಯ ಜಾಣತನವಲ್ಲ. ವೈರಿಂಗ್ ಬಗ್ಗೆ ಇರುವ ಭಾರತೀಯ ಮಾನಕ ಐಎಸ್ 732 ಸಹ ಇದನ್ನೇ ಹೇಳುತ್ತದೆ: ಮಳೆಗೆ ಒಡ್ಡಿಕೊಂಡ ಕಡೆ ಗೋಡೆಯ ಕೊಳವೆಯ ಹೊರತುದಿ ಕೆಳಮುಖವಾಗಿರಬೇಕು.

ಒಳಗಿನ ವೈರಿಂಗ್ ಆಗ ಎಲ್ಲರ ಕಣ್ಣಿಗೂ ಕಾಣುವಂಥದ್ದು. ಮೊದಮೊದಲು ಪಿಂಗಾಣಿ ಬಿಲ್ಲೆಗಳ ನಡುವೆ ತಂತಿ, ಇಲ್ಲವೇ ಎರಡು ಗಾಡಿ ಕೊರೆದ ಮರದ ಪಟ್ಟಿ, ಅದರ ಮೇಲೊಂದು ಮರದ ಮುಚ್ಚಳ. ನಂತರ ತೇಗದ ರೀಪಿನ ಮೇಲೆ ರಬ್ಬರ್ ಹೊದಿಕೆಯ ತಂತಿ, ಅಲ್ಲಲ್ಲಿ ಹಿಡಿದಿಡಲು ತಗಡಿನ ಕ್ಲಿಪ್ಪು. ನೋಡಲು ಚೆಂದವಿರಲಿಲ್ಲ, ನಿಜ. ರಬ್ಬರು ವರ್ಷ ಕಳೆದಂತೆ ಒಣಗಿ ಬಿರಿಯುತ್ತಿತ್ತು. ಆದರೆ ಬಿರಿದದ್ದು ಕಾಣುತ್ತಿತ್ತು. ಆಮೇಲೆ ಪಿವಿಸಿ ತಂತಿ ಬಂತು, ಗೋಡೆಯೊಳಗೇ ಪೈಪು ಹುಗಿಯುವ ಪದ್ಧತಿ ಬಂತು. ತಂತಿ ಕಣ್ಮರೆಯಾಯಿತು. ಅದರ ಜೊತೆಗೆ ತಂತಿಯ ಮೇಲಿನ ನಮ್ಮ ನಿಗಾ ಕೂಡ.

ತೊಂಬತ್ತರ ದಶಕದಲ್ಲಿ ಕೇಬಲ್ ಟೀವಿ ಬಂತಲ್ಲ, ಆಗ ಬೀದಿಬೀದಿಯಲ್ಲಿ ಹುಡುಗರು ತೂತು ಹೊಡೆದರು. ನಮ್ಮ ಮನೆಗೂ ಒಬ್ಬ ಬಂದಿದ್ದ. ಏಣಿ ಮೇಲೆ ನಿಂತು ಕೆಳಮುಖವಾಗಿ ಡ್ರಿಲ್ ಮಾಡುವುದು ಸುಲಭ, ಹಾಗೇ ಮಾಡಿದ. ತೂತು ಒಳಕ್ಕೆ ಇಳಿಜಾರಾಯಿತು. ಬಳಸೂ ಇಲ್ಲ, ಮೆತ್ತಿದ್ದೂ ಇಲ್ಲ. ನಾನೇ ಕೆಳಗೆ ಏಣಿ ಹಿಡಿದು ನಿಂತಿದ್ದೆ. ಅಮ್ಮನ ಕಥೆ ಗೊತ್ತಿದ್ದೂ ನನಗೆ ಏನೂ ಹೊಳೆಯಲಿಲ್ಲ. ಆಮೇಲೆ ಪ್ಲೈವುಡ್ ಬಂದು ಒಳಬದಿಯನ್ನು ಮುಚ್ಚಿಯೇ ಬಿಟ್ಟಿತು.

2014ರ ಅಕ್ಟೋಬರ್ 12, ಭಾನುವಾರ. ಹುದ್‌ಹುದ್ ಚಂಡಮಾರುತ ನಮ್ಮ ಊರಿನ ಮೇಲೇ ದಡ ಹತ್ತಿತು. ಗಾಳಿಯ ವೇಗ ಗಂಟೆಗೆ 180 ಕಿಲೋಮೀಟರ್ ಮುಟ್ಟಿತ್ತು. ಮಳೆ ಮೇಲಿನಿಂದ ಬೀಳಲಿಲ್ಲ, ಅಡ್ಡಡ್ಡ ಬಂದು ಗೋಡೆಗೆ ಹೊಡೆಯಿತು. ಮರಗಳು, ಕಂಬಗಳು ಎಲ್ಲ ನೆಲಕ್ಕೆ. ದಿನಗಟ್ಟಲೆ ಕರೆಂಟಿಲ್ಲ, ಫೋನಿಲ್ಲ. ಊರಿನಲ್ಲಿ ಅಣ್ಣನ ಮನೆಯವರು ನಾವು ಬದುಕಿದ್ದೇವೋ ಇಲ್ಲವೋ ಅಂತ ಟೀವಿ ಮುಂದೆ ಕೂತಿದ್ದರಂತೆ.

ಕೊನೆಗೂ ಕರೆಂಟು ಬಂದ ಸಂಜೆ ಬೀದಿಯೆಲ್ಲ ಕೇಕೆ. ನಮ್ಮಾಕೆ ದೇವರ ಮುಂದೆ ದೀಪ ಹಚ್ಚಲು ಬತ್ತಿ ತೆಗೆಯೋಣ ಅಂತ ಪಡುವಣ ಗೋಡೆಗೆ ಒರಗಿಸಿದ್ದ ಕಬ್ಬಿಣದ ಬೀರುವಿನ ಹಿಡಿಗೆ ಕೈ ಹಾಕಿದಳು. ಒಂದು ಚೀರು, ಅಷ್ಟೇ. ಹಿಂದಕ್ಕೆ ಎಸೆಯಲ್ಪಟ್ಟು ಮಂಚದ ಅಂಚಿಗೆ ಬಿದ್ದಿದ್ದಳು. ಕೈ ಹಿಡಿದುಕೊಳ್ಳದೆ ಬಿಟ್ಟಿತಲ್ಲ, ಅದೇ ಪುಣ್ಯ. ಭುಜದ ನೋವು ತಿಂಗಳುಗಟ್ಟಲೆ ಇತ್ತು.

ಎಲೆಕ್ಟ್ರಿಷಿಯನ್ ಬಂದು ಪ್ಲೈವುಡ್ ಕಿತ್ತ. ಟೀವಿ ಕೇಬಲಿನ ಆ ತೂತಿನಿಂದ ಮಳೆ ನೀರು ತಂತಿ ಹಿಡಿದುಕೊಂಡೇ ಒಳಗೆ ಬಂದು, ಥರ್ಮೋಕೋಲ್ ಹಿಂದೆ ಇಳಿದು, ಸ್ವಿಚ್ ಬೋರ್ಡಿನ ಪೆಟ್ಟಿಗೆಯಲ್ಲಿ ನಿಂತಿತ್ತು. ಒದ್ದೆ ಗೋಡೆ, ಅದಕ್ಕೆ ತಾಗಿದ ಬೀರು. ವಾರ ಕಳೆದರೂ ಆರಿರಲಿಲ್ಲ. ಬಿಸಿಲು ತಡೆಯಲು ಹಾಕಿಸಿದ್ದು ನೀರನ್ನು ಹಿಡಿದಿಟ್ಟುಕೊಂಡಿತ್ತು. ಮನೆಯಲ್ಲಿ ಆರ್‌ಸಿಸಿಬಿ ಇರಲಿಲ್ಲ. ಇದ್ದಿದ್ದರೆ 30 ಮಿಲಿ ಆಂಪಿಯರ್ ಸೋರುವಷ್ಟರಲ್ಲೇ ಕರೆಂಟು ಕಡಿತವಾಗಿರುತ್ತಿತ್ತು. ಮಾರನೇ ದಿನವೇ ಹಾಕಿಸಿದೆ.

ಕೆಲವು ತಿಂಗಳ ಮೇಲೆ ಊರಿನಿಂದ ಬಂದ ನೆಂಟರನ್ನು ಬೀಚ್ ರಸ್ತೆಯ ಕುರ್ಸುರಾ ಜಲಾಂತರ್ಗಾಮಿ ನೋಡಲು ಕರೆದುಕೊಂಡು ಹೋಗಿದ್ದೆ. ಸೋವಿಯತ್ ಒಕ್ಕೂಟದಲ್ಲಿ ಕಟ್ಟಿದ್ದು, 1969ರಲ್ಲಿ ನಮ್ಮ ನೌಕಾಪಡೆ ಸೇರಿ 2001ರಲ್ಲಿ ನಿವೃತ್ತಿಯಾದದ್ದು, 2002ರಿಂದ ಮ್ಯೂಸಿಯಂ. ಎಷ್ಟೋ ಸಲ ನೋಡಿದ್ದೇ. ಆದರೆ ಆ ಸಲ ನನ್ನ ಕಣ್ಣೆಲ್ಲ ಕೇಬಲ್‌ಗಳ ಮೇಲೆ. 91 ಮೀಟರ್ ಉದ್ದದ ಇಕ್ಕಟ್ಟು, ಒಬ್ಬರು ನಡೆದರೆ ಇನ್ನೊಬ್ಬರು ಓರೆಯಾಗಬೇಕು. ತಲೆ ಮೇಲೆ, ಪಕ್ಕದಲ್ಲಿ ಕೇಬಲ್‌ಗಳ ಕಂತೆ, ಬಹುಪಾಲು ಕಣ್ಣೆದುರೇ. ಜಲಾಂತರ್ಗಾಮಿಯಲ್ಲಿ ಉಕ್ಕಿನ ಗೋಡೆಯನ್ನು ಕೇಬಲ್ ದಾಟುವ ಕಡೆ ಗ್ಲ್ಯಾಂಡ್ ಅನ್ನುವ ಬಿಗಿ ಕಟ್ಟು ಇರುತ್ತದೆ, ಹನಿ ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗಬಾರದು ಅಂತ. ಸಮುದ್ರದೊಳಗೆ ಇಳಿಯುವವರಿಗೆ ತೂತು ಅಂದರೆ ಏನು ಅಂತ ಗೊತ್ತು. ಮಣ್ಣಿನ ಗೋಡೆಗೆ ಹೆದರುತ್ತಿದ್ದ ನಮ್ಮೂರ ವೈರ್‌ಮನ್‌ಗೂ ಗೊತ್ತಿತ್ತು. ನಡುವೆ ಕಲ್ಲು ಸಿಮೆಂಟು ನಂಬಿ ಕೂತ ನಮಗೇ ಮರೆತುಹೋಗಿದ್ದು.

ಹುದ್‌ಹುದ್ ಆದ ಮೇಲೆ ವಿಶ್ವ ಬ್ಯಾಂಕಿನ ನೆರವಿನಿಂದ ನಗರದ ಹಲವು ಕಡೆ ವಿದ್ಯುತ್ ತಂತಿಗಳನ್ನು ನೆಲದಡಿಗೆ ಇಳಿಸಿದರು. ಒಳ್ಳೆಯದೇ. ಆದರೆ ಬೀದಿಯಲ್ಲಿ ಎಲ್ಲೇ ಹೋಗಲಿ, ತಂತಿ ಕೊನೆಗೆ ನಮ್ಮ ಗೋಡೆಯನ್ನು ದಾಟಿಯೇ ಒಳಗೆ ಬರಬೇಕಲ್ಲ?

ಮೊನ್ನೆ ಆ ಹುಡುಗನಿಗೆ ಚಹಾ ಕೊಟ್ಟು, ಒಳಗಿನಿಂದ ಹೊರಕ್ಕೆ ಇಳಿಯುವಂತೆ ತೂತು ಹೊಡೆಸಿದೆ. ಉದ್ದನೆಯ ಬಿಟ್ ತರಿಸಿ ಅರ್ಧ ಗಂಟೆ ಹಿಡಿಯಿತು. ಒಂದು ಪೈಪು ತೂರಿಸಿ, ಹೊರಗೆ ಬಳಸು ಬಿಡಿಸಿ, ಸುತ್ತ ಸಿಲಿಕಾನ್ ಮೆತ್ತಿಸಿದೆ. "ಇದು ಗಾಜಿನ ಎಳೆ ಸಾರ್, ಇದರಲ್ಲಿ ಕರೆಂಟೇ ಇಲ್ಲ" ಅಂತ ಅವನು ತೆಲುಗಿನಲ್ಲಿ ನಕ್ಕ. ನಿಜ, ಇದರಲ್ಲಿ ಕರೆಂಟಿಲ್ಲ. ನೀರಿಗೆ ಅದು ಗೊತ್ತಿಲ್ಲವಲ್ಲ!

"ಮೊಳ ವೈರ್ ವೇಸ್ಟ್ ಸಾರ್" ಅಂತಲೂ ಅಂದ. ಅಜ್ಜನೇ ಎದುರು ನಿಂತಂತಾಯಿತು.

ಮಳೆಗಾಲ ಹತ್ತಿರ ಬರುತ್ತಿದೆ. ನಿಮ್ಮ ಮನೆಯಲ್ಲೂ ಟೀವಿಯದೋ ಏಸಿಯದೋ ಹಳೇ ತೂತುಗಳು ಇದ್ದೇ ಇರುತ್ತವೆ. ಒಂದು ಭಾನುವಾರ ಹೊರಗೆ ಹೋಗಿ, ತಲೆಯೆತ್ತಿ ನೋಡಿಬಿಡಿ.