ಹಾಡಿನ ಚೀಟಿಯಲ್ಲಿ ನಾಲ್ಕು ತಾಲ್ಲೂಕು

ಕ್ಯಾಸೆಟ್ ಅಂಗಡಿಗೆ ಹೋಗುವವರ ಜೇಬಿನಲ್ಲಿ ಒಂದು ಚೀಟಿ ಇರುತ್ತಿದ್ದ ಕಾಲವಿತ್ತು. ನೋಟ್‌ಬುಕ್ಕಿನಿಂದ ಹರಿದ ಹಾಳೆ. ಅದರ ಮೇಲೆ ಹತ್ತು ಹನ್ನೆರಡು ಹಾಡುಗಳ ಹೆಸರು. ಪಟ್ಟಿ ಪೂರ್ತಿ ತಂದವರದೇ ಆಗಿರುತ್ತಿರಲಿಲ್ಲ. ಭಾವಮೈದುನ ಹೇಳಿದ್ದು ಎರಡು, ಕಾಲೇಜಿನ ಗೆಳೆಯ ಬರೆದುಕೊಟ್ಟದ್ದು ಮೂರು, ಬಸ್ಸಿನಲ್ಲಿ ಕಿವಿಗೆ ಬಿದ್ದು ಮನಸ್ಸಿನಲ್ಲೇ ಉಳಿದದ್ದು ಒಂದು. ಖಾಲಿ ಕ್ಯಾಸೆಟ್ಟಿನ ಜೊತೆ ಚೀಟಿ ಕೊಟ್ಟು ಎರಡು ದಿನ ಬಿಟ್ಟು ಹೋದರೆ ಹಾಡು ತುಂಬಿದ ಕ್ಯಾಸೆಟ್ ಕೈಗೆ ಬರುತ್ತಿತ್ತು. ಕಾನೂನಿನ ಕಣ್ಣಿಗೆ ಇದು ತಪ್ಪು. 1984ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ತಂದು ಇಂಥ ನಕಲಿಗೆ ಶಿಕ್ಷೆಯನ್ನೂ ಹೆಚ್ಚಿಸಲಾಯಿತು. ಆದರೆ ಚೀಟಿಗಳು ನಿಲ್ಲಲಿಲ್ಲ. 'ಇದನ್ನೊಮ್ಮೆ ಕೇಳಿ ನೋಡು' ಎಂದು ಒಬ್ಬ ರಸಿಕ ಇನ್ನೊಬ್ಬನಿಗೆ ಹೇಳುವುದನ್ನು ತಡೆಯುವ ಕಾಯ್ದೆ ಎಲ್ಲಿದೆ?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ರಸಿಕನೊಬ್ಬ ಹೊರಗಿನವರಿಗೆ ಇಂಥ ಚೀಟಿ ಬರೆದುಕೊಟ್ಟರೆ ಅದರಲ್ಲಿ ಏನೇನಿರಬೇಕು? 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದ, 2025ರಲ್ಲಿ 'ಬೆಂಗಳೂರು ದಕ್ಷಿಣ' ಎಂಬ ಹೆಸರಿಗೆ ಸಚಿವ ಸಂಪುಟ ಒಪ್ಪಿಗೆ ಕೊಟ್ಟ ಸೀಮೆ ಇದು. ರೇಷ್ಮೆ, ಮರದ ಬೊಂಬೆ, ಬಂಡೆಗಲ್ಲುಗಳಿಗೆ ಹೆಸರಾದಷ್ಟು ಸಂಗೀತಕ್ಕೆ ಹೆಸರಾದದ್ದಲ್ಲ. ಆದರೂ ಹುಡುಕುತ್ತ ಹೋದರೆ ಹಿಂದಿ ಸಿನಿಮಾದಿಂದ ಪಾಶ್ಚಾತ್ಯ ವಾದ್ಯವೃಂದದವರೆಗೆ, ದಾಸರ ಪದದಿಂದ ಮಾದಪ್ಪನ ಪದದವರೆಗೆ ಎಲ್ಲವೂ ಇಲ್ಲಿ ಸಿಗುತ್ತದೆ.

ಮೊದಲ ಹೆಸರಿನ ಬಗ್ಗೆ ಜಗಳವೇ ಇಲ್ಲ. ಅದು 'ಶೋಲೆ'. ರಮೇಶ್ ಸಿಪ್ಪಿ 1973ರ ಅಕ್ಟೋಬರಿನಲ್ಲಿ ಚಿತ್ರೀಕರಣ ಆರಂಭಿಸಿದಾಗ ರಾಮನಗರದ ಬಂಡೆಗಳ ನಡುವೆ 'ರಾಮಗಢ' ಎಂಬ ಇಡೀ ಊರನ್ನೇ ಕಟ್ಟಿಸಿದ್ದರು. ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಆನಂದ್ ಬಕ್ಷಿ ಬರೆದ, ಆರ್.ಡಿ. ಬರ್ಮನ್ ಸಂಗೀತ ಕೊಟ್ಟ ಹಾಡುಗಳ ಗಾನತಟ್ಟೆಯನ್ನು ಪಾಲಿಡೋರ್ ಕಂಪನಿ ಹೊರತಂದಿತು. ಆದರೆ ಆರಂಭದಲ್ಲಿ ಮಾರಾಟ ನಿರೀಕ್ಷಿಸಿದಷ್ಟು ಇರಲಿಲ್ಲ. ಚಿತ್ರಮಂದಿರದಿಂದ ಹೊರಬಂದ ಜನರ ಬಾಯಲ್ಲಿ ಹಾಡಿಗಿಂತ ಹೆಚ್ಚಾಗಿ ಸಂಭಾಷಣೆಯೇ ಇದ್ದದ್ದು ಕಂಪನಿಯವರ ಗಮನಕ್ಕೆ ಬಂತು. ಸಲೀಂ-ಜಾವೇದ್ ಬರೆದ ಮಾತುಗಳನ್ನೇ ಆರಿಸಿ ಅವರು ಸಂಭಾಷಣೆಯ ತಟ್ಟೆ ಹೊರಡಿಸಿದರು. ಅದು ನಾಡಿನ ಮೂಲೆ ಮೂಲೆಗೂ ಮುಟ್ಟಿತು. ಮದುವೆ ಮನೆಗೆ, ಗಣೇಶನ ಪೆಂಡಾಲಿಗೆ ಬರುತ್ತಿದ್ದ ಮೈಕ್ ಸೆಟ್ಟಿನವರ ಪೆಟ್ಟಿಗೆಯಲ್ಲಿ ಅದಿಲ್ಲದಿದ್ದರೆ ಗಿರಾಕಿಗಳು ಬಿಡುತ್ತಿರಲಿಲ್ಲ. ಹಾಡಿಲ್ಲದ ಒಂದು ಗಾನತಟ್ಟೆಯನ್ನು ಜನ ಹಾಡಿನಂತೆ ಬಾಯಿಪಾಠ ಮಾಡಿದರು. ಹಿಂದಿ ಬಾರದವರೂ ಗಬ್ಬರ್ ಸಿಂಗನಾಗಿ ಅಮ್ಜದ್ ಖಾನ್ ಆಡಿದ ಮಾತನ್ನು ಅದೇ ಏರಿಳಿತದಲ್ಲಿ ಒಪ್ಪಿಸುತ್ತಿದ್ದರು.

ಹಾಗೆಂದು ಹಾಡುಗಳನ್ನು ಬಿಡುವಂತಿಲ್ಲ. ಸ್ವತಃ ಬರ್ಮನ್ ಹಾಡಿದ 'ಮೆಹಬೂಬಾ'ದ ಆರಂಭದಲ್ಲಿ ಕೇಳಿಸುವ ವಿಚಿತ್ರ ನಾದಕ್ಕಾಗಿ ಬಾಟಲಿಗಳ ಬಾಯಿಗೆ ಊದಿಸಲಾಗಿತ್ತು. ಅಮಿತಾಭ್ ಬಚ್ಚನ್ ಅವರ ಪಾತ್ರ ಸಂಜೆ ಹೊತ್ತು ನುಡಿಸುವ ಮೌತ್ ಆರ್ಗನ್ ನಿಜಕ್ಕೂ ಭಾನು ಗುಪ್ತ ಅವರ ಉಸಿರು. ಚಿತ್ರದ ಅಬ್ಬರವೆಲ್ಲ ಮರೆತರೂ ಆ ಪುಟ್ಟ ನುಡಿಕೆ ಮರೆಯುವುದಿಲ್ಲ. ಇಡೀ ತಟ್ಟೆಯಲ್ಲಿ ಮತ್ತೆ ಮತ್ತೆ ಕೇಳಬೇಕಾದದ್ದು ಅದೇ.

ಎರಡನೆಯದು ಪರದೇಶದ್ದು. ಇ.ಎಂ. ಫಾರ್ಸ್ಟರ್ 1924ರಲ್ಲಿ ಬರೆದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನು ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದರು. ಕಾದಂಬರಿಯ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟಗಳು. ಲೀನ್ ಹೋಗಿ ನೋಡಿದರು. ಅವು ಅವರಿಗೆ ಹಿಡಿಸಲಿಲ್ಲ. ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟವನ್ನು ಆರಿಸಿಕೊಂಡು, ಬಂಡೆಯಲ್ಲಿ ಗುಹೆಯ ಬಾಯಿ ಕೊರೆಸಿದರು. ಚಿತ್ರದ ಸಂಗೀತಕ್ಕೆ ಮಾರಿಸ್ ಜಾರ್ ಅವರಿಗೆ 1985ರಲ್ಲಿ ಆಸ್ಕರ್ ಬಂತು. ಅದೇ ವರ್ಷ ಮೊಜಾರ್ಟನ ಬದುಕಿನ ಚಿತ್ರ 'ಅಮೇಡಿಯಸ್' ಶ್ರೇಷ್ಠ ಚಿತ್ರವಾಗಿತ್ತು. ಮೊಜಾರ್ಟ್ ಸ್ಪರ್ಧೆಯಲ್ಲಿ ಇಲ್ಲದ್ದು ತನ್ನ ಅದೃಷ್ಟ ಎಂದು ಜಾರ್ ವೇದಿಕೆಯಲ್ಲೇ ನಕ್ಕಿದ್ದರು. ಸಾವನದುರ್ಗವನ್ನು ಒಮ್ಮೆ ಹತ್ತಿ ಇಳಿದವರು ಆ ವಾದ್ಯವೃಂದವನ್ನು ಕೇಳಿದರೆ ರುಚಿಯೇ ಬೇರೆ.

ಒಂದು ಸಂಗತಿ ಗಮನಿಸಬೇಕು. ಶೋಲೆಯ ಮಾತಿನಲ್ಲಿ ಬರುವ ಹೆಸರು ರಾಮಗಢ, ರಾಮನಗರವಲ್ಲ. ಲೀನ್ ಚಿತ್ರದಲ್ಲಿ ಸಾವನದುರ್ಗ 'ಮರಬಾರ್' ಆಗಿದೆ. ಇಲ್ಲಿಯ ಕಲ್ಲು ಜಗತ್ತಿಗೆಲ್ಲ ಪರಿಚಿತ, ಊರಿನ ಹೆಸರು ಮಾತ್ರ ಅಪರಿಚಿತ.

ಇದು ಸಿನಿಮಾ ಕಾಲದಲ್ಲಿ ಶುರುವಾದದ್ದೂ ಅಲ್ಲ. ಚನ್ನಪಟ್ಟಣದ ಪಕ್ಕದಲ್ಲೇ, ಮೈಸೂರು ರಸ್ತೆಯ ಮಗ್ಗುಲಿಗೆ ದೊಡ್ಡಮಳೂರು ಇದೆ. ಅಲ್ಲಿಯ ಅಪ್ರಮೇಯಸ್ವಾಮಿ ದೇವಾಲಯದಲ್ಲಿ ಬೆಣ್ಣೆ ಹಿಡಿದ ಅಂಬೆಗಾಲು ಕೃಷ್ಣನ ವಿಗ್ರಹವಿದೆ. ಪುರಂದರದಾಸರು ಈ ಕೃಷ್ಣನನ್ನು ಕಂಡೇ 'ಜಗದೋದ್ಧಾರನ' ಪದವನ್ನು ಹಾಡಿದರು ಎಂಬುದು ಐತಿಹ್ಯ. ಪದದೊಳಗೆ ಮಳೂರಿನ ಹೆಸರಿಲ್ಲ. ದಾಸರ ಅಂಕಿತವಷ್ಟೇ ಇದೆ. ಹೀಗಾಗಿ ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು. ಆದರೆ ಅಂಬೆಗಾಲಿಡುವ ಆ ಮೂರ್ತಿಯ ಎದುರು ನಿಂತವರಿಗೆ ಈ ಐತಿಹ್ಯ ಹೇಗೆ ಹುಟ್ಟಿತೆಂದು ಯಾರೂ ವಿವರಿಸಬೇಕಾಗಿಲ್ಲ.

ಕಾಪಿ ರಾಗದಲ್ಲಿ ಹಾಡುವ ಈ ಪದ ಎಂ.ಎಸ್. ಸುಬ್ಬುಲಕ್ಷ್ಮಿ ಅವರ ಕಂಠದಲ್ಲಿ ಬಂದಿದೆ, ಎಂ.ಎಲ್. ವಸಂತಕುಮಾರಿ ಅವರ ಕಂಠದಲ್ಲೂ ಬಂದಿದೆ. ವಸಂತಕುಮಾರಿ ಅವರಿಗೆ ದಾಸರ ಪದಗಳ ಭಂಡಾರ ತಾಯಿ ಲಲಿತಾಂಗಿ ಅವರಿಂದಲೇ ಬಂದದ್ದು. ಕನ್ನಡ ಮನೆಮಾತಲ್ಲದ ಈ ಗಾಯಕಿಯರು ಕನ್ನಡದ ಪದಗಳನ್ನು ಮದರಾಸಿನ ಕಛೇರಿಗಳಿಗೆ ಒಯ್ದದ್ದು ಕನ್ನಡಿಗರು ಮರೆಯಬಾರದ ಋಣ. ಚೀಟಿಯಲ್ಲಿ ಒಬ್ಬರ ಹೆಸರಿಗಷ್ಟೇ ಜಾಗವಿದ್ದರೆ ವಸಂತಕುಮಾರಿ ಅವರನ್ನು ಬರೆಯುವುದು ಲೇಸು. ಅವರ ಹಾಡಿಕೆಯಲ್ಲಿ ಭಕ್ತಿಗಿಂತ ಒಂದು ಗುಲಗಂಜಿ ಹೆಚ್ಚಾಗಿ ತಾಯ್ತನದ ಲವಲವಿಕೆ ಇದೆ. ಪದ ಕೇಳುವುದೂ ಅದನ್ನೇ. ಹಿಂದುಸ್ತಾನಿ ಇಷ್ಟಪಡುವವರಿಗೆ ಭೀಮಸೇನ ಜೋಶಿ ಅವರ ದಾಸವಾಣಿ ಇದೆ. ಮನೆಯ ಬೆಳಗಿಗೆ ವಿದ್ಯಾಭೂಷಣರ ಕ್ಯಾಸೆಟ್‌ಗಳಿವೆ.

ದಾಸರ ಪದ ಧ್ವನಿಮುದ್ರಣಕ್ಕೆ ಸುಲಭವಾಗಿ ಒಗ್ಗಿದ್ದಕ್ಕೆ ಅದರ ಗಾತ್ರವೂ ಕಾರಣ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಅರಗಿನ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದದ್ದು ಮೂರು, ಮೂರೂವರೆ ನಿಮಿಷ. ಒಂದು ಪಲ್ಲವಿ, ಎರಡು ಮೂರು ಚರಣ ಅಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಬಂದ ಎಲ್‌ಪಿ ತಟ್ಟೆಯಲ್ಲಿ ಮಗ್ಗುಲಿಗೆ ಇಪ್ಪತ್ತು ನಿಮಿಷ ದಾಟಿತು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕ್ಯಾಸೆಟ್ ಇದನ್ನು ಅರ್ಧ, ಮುಕ್ಕಾಲು ಗಂಟೆಗೆ ಏರಿಸಿತು. ಬೆಲೆಯನ್ನೂ ಇಳಿಸಿತು. ಕ್ಯಾಸೆಟ್ಟಿಗೆ ಹಾಡು ತುಂಬಲು ದೊಡ್ಡ ಕಾರ್ಖಾನೆ ಬೇಕಿರಲಿಲ್ಲ. ಎರಡು ಯಂತ್ರ, ಒಂದು ಕೋಣೆ ಸಾಕು. ಅಲ್ಲಿಯವರೆಗೆ ಯಾವುದು ಹಾಡು, ಯಾವುದು ಹಾಡಲ್ಲ ಎಂದು ಕೆಲವೇ ಕಂಪನಿಗಳು ನಿರ್ಧರಿಸುತ್ತಿದ್ದವು. 1980ರ ದಶಕದಲ್ಲಿ ಆ ಅಧಿಕಾರ ಸಣ್ಣ ಸಣ್ಣ ಊರುಗಳಿಗೆ ಹರಿದು ಬಂತು. ಕನ್ನಡದಲ್ಲಿ ಈ ಹೊಳೆಗೆ ಬಾಗಿಲು ತೆರೆದದ್ದು 1978ರ 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ಸಂಗೀತ. ಭಾವಗೀತೆ ಪುಸ್ತಕದ ಕಪಾಟಿನಿಂದ ಇಳಿದು ಅಡುಗೆಮನೆಗೆ ಬಂದದ್ದು ಆ ಧ್ವನಿಸುರುಳಿಯಿಂದ.

ಅದೇ ಹೊತ್ತಿಗೆ ತಟ್ಟೆಯೂ ಇಲ್ಲದೆ, ಸುರುಳಿಯೂ ಇಲ್ಲದೆ ನಾಡೆಲ್ಲ ಹರಡಿದ ಹಾಡುಗಳಿದ್ದವು. ಅವನ್ನು ಬರೆದವರು ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ದಲಿಂಗಯ್ಯ. ಅವರ 'ಹೊಲೆಮಾದಿಗರ ಹಾಡು' ಪ್ರಕಟವಾದದ್ದು 1975ರಲ್ಲಿ, ಶೋಲೆ ಬಂದ ವರ್ಷದಲ್ಲೇ. ಒಂದೇ ವರ್ಷ ಈ ಸೀಮೆಯಿಂದ ಎರಡು ಬಗೆಯ ಗುಡುಗು ಹೊರಟಿತೆನ್ನಬೇಕು. ಒಂದಕ್ಕೆ ಎಪ್ಪತ್ತು ಎಂಎಂ ಪರದೆ, ಇನ್ನೊಂದಕ್ಕೆ ತಮಟೆ ಮಾತ್ರ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ಜಾಥಾಗಳಲ್ಲಿ, ಹಾಸ್ಟೆಲುಗಳಲ್ಲಿ ಆ ಹಾಡುಗಳು ಬಾಯಿಂದ ಬಾಯಿಗೆ ಹೋದವು. ಒಬ್ಬ ಕಲಿತವನು ಹತ್ತು ಜನಕ್ಕೆ ಕಲಿಸಿದ. 'ಕೇಳಿ ನೋಡು' ಎನ್ನುವ ಬದಲು 'ಹಾಡಿ ನೋಡು' ಎನ್ನುವ ಶಿಫಾರಸು ಅದು.

ಸಿದ್ದಲಿಂಗಯ್ಯ ಸಿನಿಮಾಕ್ಕೂ ಬರೆದರು. ಪುಟ್ಟಣ್ಣ ಕಣಗಾಲ್ ಅವರ 'ಧರಣಿ ಮಂಡಲ ಮಧ್ಯದೊಳಗೆ' (1983), ನಾಗತಿಹಳ್ಳಿ ಚಂದ್ರಶೇಖರ ಅವರ 'ಬಾ ನಲ್ಲೆ ಮಧುಚಂದ್ರಕೆ' (1993) ಚಿತ್ರಗಳಲ್ಲಿ ಅವರ ಪ್ರೇಮಗೀತೆಗಳಿವೆ. ಎರಡನೆಯದಕ್ಕೆ ಹಂಸಲೇಖ ಸಂಗೀತ. ಬೆಟ್ಟ, ಬೆಳದಿಂಗಳು ತುಂಬಿದ ಆ ಹಾಡನ್ನು ಗುನುಗುವ ಎಷ್ಟೋ ಜನಕ್ಕೆ ಅದು ಕ್ರಾಂತಿಗೀತೆಗಳ ಕವಿಯದೇ ಎಂದು ತಿಳಿದಿರುವುದಿಲ್ಲ. 2021ರ ಜೂನ್‌ನಲ್ಲಿ ಕೋವಿಡ್‌ನಿಂದ ಅವರು ತೀರಿಕೊಂಡಾಗ ಈ ಎರಡೂ ಬಗೆಯ ಹಾಡುಗಳನ್ನು ಜನ ನೆನೆದರು.

ಮಂಚನಬೆಲೆಯ ಬಳಿ ಅಣೆಕಟ್ಟು ಕಟ್ಟಿರುವ ಅರ್ಕಾವತಿ ಅಲ್ಲಿಂದ ಮುಂದೆ ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಶಿವರಾತ್ರಿಯ ಹೊತ್ತಿಗೆ ಇದೇ ದಾರಿಯಲ್ಲಿ ಮಾದಪ್ಪನ ಒಕ್ಕಲಿನವರು ನಡೆದು ಹೋಗುತ್ತಾರೆ. ಗಂಟು ಹೊತ್ತು, ಸಂಗಮದಲ್ಲಿ ಹೊಳೆ ದಾಟಿ, ಕಾಡಿನ ಹಾದಿ ಹಿಡಿದು ಮಲೆ ಮಹದೇಶ್ವರ ಬೆಟ್ಟ ಸೇರುವುದು ಹಳೆಯ ಪದ್ಧತಿ. ನಡಿಗೆಯ ಆಯಾಸ ಮರೆಸುವುದು ಹಾಡು.

ಕಂಸಾಳೆ ಹಿಡಿದು ದೇವರ ಗುಡ್ಡರು ಹಾಡುವ ಮಾದೇಶ್ವರನ ಕಥೆ, ತಂಬೂರಿ ಮೀಟುತ್ತ ನೀಲಗಾರರು ಹಾಡುವ ಮಂಟೇಸ್ವಾಮಿಯ ಕಥೆ ಒಂದು ರಾತ್ರಿಯಲ್ಲಿ ಮುಗಿಯುವಂಥವಲ್ಲ. 1973ರಲ್ಲಿ ಪಿ.ಕೆ. ರಾಜಶೇಖರ ಅವರು ಮಾದೇಶ್ವರ ಕಾವ್ಯವನ್ನು ಸಂಪಾದಿಸಿ ಪ್ರಕಟಿಸಿದಾಗ ಅದರ ಹರವು ಕಂಡು ಓದುಬಲ್ಲವರೇ ಬೆರಗಾದರು. ಇಂಥ ಕಾವ್ಯ ಮೂರು ನಿಮಿಷದ ತಟ್ಟೆಯಲ್ಲಿ ಎಲ್ಲಿ ಕೂರಬೇಕು? ಹಾಡುವವರು ಇರಲಿಲ್ಲವೆಂದಲ್ಲ, ಕೇಳುವವರು ಇರಲಿಲ್ಲವೆಂದೂ ಅಲ್ಲ, ಪಾತ್ರೆಯೇ ಸಣ್ಣದಾಗಿತ್ತು. ಕ್ಯಾಸೆಟ್ ಬಂದ ಮೇಲೆ ಕಥೆಯನ್ನು ಭಾಗ ಒಂದು, ಭಾಗ ಎರಡು ಎಂದು ಹಂಚಿ ತುಂಬಲು ಸಾಧ್ಯವಾಯಿತು. ಕನಕಪುರದ ನೆರೆಯ ಮಳವಳ್ಳಿಯ ಮಹದೇವಸ್ವಾಮಿ ಅವರ ಕಂಚಿನ ಕಂಠ ಹೀಗೆ ಮನೆಮನೆಗೆ ಹೋಯಿತು. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದೇಶ್ವರ ಇವರೆಲ್ಲರ ಕಥೆಗಳನ್ನು ಅವರಿಂದ ಕೇಳಿ ಬೆಳೆದ ಒಂದು ತಲೆಮಾರೇ ಈ ಭಾಗದಲ್ಲಿದೆ. ಚೀಟಿಯಲ್ಲಿ ಒಂದೇ ಒಂದು ಧ್ವನಿಸುರುಳಿಗೆ ಅಡಿಗೆರೆ ಎಳೆಯಬೇಕೆಂದರೆ ಅದು ಅವರ ಮಂಟೇಸ್ವಾಮಿ ಕಥೆಯೇ. ಒಂದೇ ಕೂರಿಕೆಯಲ್ಲಿ ಕೇಳಬಾರದು. ರಾತ್ರಿ ಊಟವಾದ ಮೇಲೆ ದಿನಕ್ಕೆ ಒಂದು ಮಗ್ಗುಲು ಸಾಕು.

ಈ ಲಾಭಕ್ಕೆ ಬೆಲೆಯೂ ತೆರಬೇಕಾಯಿತು. ಕ್ಯಾಸೆಟ್ಟಿನ ಅಳತೆಗೆ ಕಥೆಯನ್ನು ಕತ್ತರಿಸಬೇಕು. ತಂಬೂರಿ, ದಕ್ಕೆ ಸಾಲದೆಂದು ಎಷ್ಟೋ ಕ್ಯಾಸೆಟ್‌ಗಳಲ್ಲಿ ಕೀಬೋರ್ಡ್, ರಿದಂ ಪ್ಯಾಡ್ ಸೇರಿಕೊಂಡವು. ಹೆಸರಾದ ಒಬ್ಬರ ಧಾಟಿ ಎಲ್ಲೆಡೆ ಕೇಳತೊಡಗಿದಾಗ ಊರೂರಿನ ಬೇರೆ ಬೇರೆ ಧಾಟಿಗಳು ಹಿಂದೆ ಸರಿದವು. ಸಿನಿಮಾ ಕೂಡ ಈ ಮಟ್ಟುಗಳ ರುಚಿ ಕಂಡಿತು. ವಿ. ಮನೋಹರ್ ಸಂಗೀತದ 'ಜನುಮದ ಜೋಡಿ' (1996), ಗುರುಕಿರಣ್ ಸಂಗೀತದ 'ಜೋಗಿ' (2005) ಎರಡರಲ್ಲೂ ಮಾದಪ್ಪನ ಪದದ ನೆರಳಿದೆ. ಎರಡೂ ಭರ್ಜರಿ ಓಡಿದವು. ಅವನ್ನು ಚೀಟಿಯಲ್ಲಿ ಸೇರಿಸಲು ಅಡ್ಡಿಯಿಲ್ಲ, ಆದರೆ ಮೂಲವನ್ನು ಕೇಳಿದ ಮೇಲೆ.

ಆ ಮೂಲ ಎಲ್ಲಿ ಸಿಗುತ್ತದೆ? ಬಹುಪಾಲು ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಬೀಸುವಾಗ, ನಾಟಿ ಮಾಡುವಾಗ, ಸೋಬಾನೆಯ ಹೊತ್ತಿನಲ್ಲಿ ಹೆಂಗಸರು ಹಾಡುವುದನ್ನು ಕಂಪನಿಗಳು ಹಾಡೆಂದು ಎಣಿಸಿಯೇ ಇರಲಿಲ್ಲ. ಟೇಪ್ ರೆಕಾರ್ಡರ್ ಹಿಡಿದು ಹಳ್ಳಿಗಳನ್ನು ಸುತ್ತಿದವರು ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು. ಐಎಎಸ್ ಅಧಿಕಾರಿಯಾಗಿದ್ದ ಅವರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು. 1994ರಲ್ಲಿ ರಾಮನಗರದ ಹೊರವಲಯದಲ್ಲಿ, ಮೈಸೂರು ರಸ್ತೆಯ ಪಕ್ಕದ ಹದಿನೈದು ಎಕರೆಯಲ್ಲಿ ಜಾನಪದ ಲೋಕ ತೆರೆಯಿತು. ಒನಕೆ, ಬೀಸುಕಲ್ಲು, ಸೂತ್ರದ ಬೊಂಬೆ ನೋಡಲು ಬರುವವರೇ ಅಲ್ಲಿ ಹೆಚ್ಚು. ದನಿಗಳ ಸಂಗ್ರಹದ ಕಡೆಗೆ ತಿರುಗುವವರು ಕಡಿಮೆ.

ಗೌಡರು 2005ರಲ್ಲಿ ತೀರಿಕೊಂಡರು. ಅವರ ಕಾಲದಲ್ಲಿ ದನಿ ಹಿಡಿಯಲು ಇದ್ದದ್ದು ಕಬ್ಬಿಣದ ಆಕ್ಸೈಡ್ ಲೇಪಿಸಿದ ಪ್ಲಾಸ್ಟಿಕ್ ಪಟ್ಟಿ. ಕಾಲ ಕಳೆದಂತೆ ಲೇಪನದ ಅಂಟು ತೇವ ಹೀರಿ ಮೆತ್ತಗಾಗುತ್ತದೆ. ಯಂತ್ರದ ತಲೆಗೆ ಉಜ್ಜಿದಾಗ ಲೇಪನದ ಜೊತೆಗೆ ದನಿಯೂ ಉದುರುತ್ತದೆ. ಅಟ್ಟದ ಮೇಲಿನ ರಟ್ಟಿನ ಪೆಟ್ಟಿಗೆಗಳಲ್ಲಿ ಕೂತಿರುವ ಕ್ಯಾಸೆಟ್‌ಗಳ ಪಾಡೂ ಇದೇ. ಶೋಲೆ, ವಸಂತಕುಮಾರಿ, ನಿತ್ಯೋತ್ಸವ ಬೇರೆ ಕಡೆ ಸಿಕ್ಕಾವು. ಮನೆಯ ಸೋಬಾನೆಯಲ್ಲಿ ಅಜ್ಜಿ ಹಾಡಿದ್ದನ್ನು ಮೊಮ್ಮಗನೊಬ್ಬ ತಮಾಷೆಗೆ ತುಂಬಿಟ್ಟ ಕ್ಯಾಸೆಟ್ ಇನ್ನೆಲ್ಲೂ ಇಲ್ಲ. ಅದರ ಮೇಲೆ ಬಾಲ್ ಪೆನ್ನಿನಲ್ಲಿ ಬರೆದ ಹೆಸರು, ಊರು, ತಾರೀಖು ಇದ್ದರೆ ಮೊದಲು ಅದನ್ನು ಇನ್ನೊಂದು ಕಡೆ ಬರೆದಿಟ್ಟುಕೊಳ್ಳಬೇಕು. ಪೆನ್ನಿನ ಶಾಯಿ ದನಿಗಿಂತ ಬೇಗ ಮಾಸುತ್ತದೆ.