ಬತ್ತೇರಿ, ಬಯಲು, ವಿಮಾನ: ವಿಡ್ಬಿ ದ್ವೀಪದ ಕೂಪ್‌ವಿಲ್ ಪರಿಚಯ



ಊರಿನಿಂದ ಅಪ್ಪ ಅಮ್ಮ ಸಿಯಾಟಲ್‌ಗೆ ಬಂದರೆ ನಾವೆಲ್ಲರೂ ಕರೆದುಕೊಂಡು ಹೋಗುವುದು ಅದೇ ಸ್ಪೇಸ್ ನೀಡಲ್, ಸ್ನೋಕ್ವಾಲ್ಮಿ ಜಲಪಾತ, ಮೌಂಟ್ ರೇನಿಯರ್. ಈ ಪಟ್ಟಿಗೆ ಇನ್ನೊಂದು ಜಾಗ ಸೇರಿಸೋಣ. ಮಕಿಲ್ಟಿಯೊದಲ್ಲಿ ಕಾರು ಸಮೇತ ಫೆರಿ ಹತ್ತಿದರೆ 20 ನಿಮಿಷದಲ್ಲಿ ವಿಡ್ಬಿ ದ್ವೀಪ. ಅಲ್ಲಿಂದ ಉತ್ತರಕ್ಕೆ ಸುಮಾರು 40 ನಿಮಿಷ ಹೋದರೆ ಕೂಪ್‌ವಿಲ್ ಎಂಬ ಪುಟ್ಟ ಊರು. ಅದರ ಸುತ್ತ ಹೊಲ, ಕೋಟೆ, ಕಡಲು, ಜೊತೆಗೊಂದು ರನ್‌ವೇ.

ಉಳುವ ಹೊಲವೇ ಸ್ಮಾರಕ

ಇಲ್ಲಿನ ಸುಮಾರು 17,500 ಎಕರೆಯನ್ನು ಅಮೆರಿಕದ ಕಾಂಗ್ರೆಸ್ 1978ರಲ್ಲಿ 'ಈಬೀಸ್ ಲ್ಯಾಂಡಿಂಗ್ ನ್ಯಾಷನಲ್ ಹಿಸ್ಟಾರಿಕಲ್ ರಿಸರ್ವ್' ಎಂದು ಗುರುತಿಸಿತು. ದೇಶದಲ್ಲಿ ಈ ಬಗೆಯದು ಇದೇ ಮೊದಲು. ಜಮೀನಿನ ಬಹುಪಾಲು ಇಂದಿಗೂ ಖಾಸಗಿಯವರದೇ. ಎಷ್ಟೋ ಕಡೆ ಸರ್ಕಾರ ಕೊಂಡಿದ್ದು ಜಮೀನನ್ನಲ್ಲ, ಅಲ್ಲಿ ಬಡಾವಣೆ ಎಬ್ಬಿಸುವ ಹಕ್ಕನ್ನು ಮಾತ್ರ. ರೈತರು ಉಳುತ್ತಲೇ ಇದ್ದಾರೆ. 1850ರ ದಶಕದ ಹೊಲದ ಎಲ್ಲೆಗಳು ಇಂದಿಗೂ ಕಣ್ಣಿಗೆ ಕಾಣುತ್ತವೆ.

ಆದರೆ ಆ ಎಲ್ಲೆಗಳಿಗೂ ಮುಂಚೆ ಇಲ್ಲಿ ಲೋಯರ್ ಸ್ಕ್ಯಾಜಿಟ್ ಜನ ಬಾಳಿದ್ದರು. ಬಯಲಿಗೆ ಆಗಾಗ ಬೆಂಕಿ ಕೊಟ್ಟು, ಕ್ಯಾಮಸ್ ಗೆಡ್ಡೆ ಬೆಳೆದು ತಿನ್ನುತ್ತಿದ್ದರು. 1850ರ ಕಾನೂನು ವಲಸೆ ಬಂದ ಗಂಡ ಹೆಂಡತಿಗೆ 640 ಎಕರೆವರೆಗೂ ಉಚಿತವಾಗಿ ಕೊಟ್ಟಿತು. ಐಸಾಕ್ ಈಬೀ ಬಂದದ್ದು ಆ ವರ್ಷವೇ. ಮೂಲನಿವಾಸಿಗಳ ಜೊತೆ ಒಪ್ಪಂದವಾದದ್ದು ಮಾತ್ರ 1855ರಲ್ಲಿ. ಅಂದರೆ ಭೂಮಿ ಹಂಚಿದ್ದು ಮೊದಲು, ಕೇಳಿದ್ದು ಆಮೇಲೆ.

ಎರಡು ಬಗೆಯ ಕೋಟೆಗಳು

ಆ ದಿನಗಳ ಭಯಕ್ಕೆ ಸಾಕ್ಷಿ ಇಲ್ಲಿನ ಬ್ಲಾಕ್‌ಹೌಸ್‌ಗಳು. ಮರದ ದಿಮ್ಮಿ ಪೇರಿಸಿ ಕಟ್ಟಿದ ಇಂಥ ನಾಲ್ಕು ಕಾವಲು ಮನೆಗಳು ಉಳಿದಿವೆ. 1855ರ ಅಲೆಕ್ಸಾಂಡರ್ ಬ್ಲಾಕ್‌ಹೌಸ್ ಊರಿನ ಮ್ಯೂಸಿಯಂ ಪಕ್ಕದಲ್ಲೇ ಇದೆ. 1856ರಲ್ಲಿ ಪೋರ್ಟ್ ಗ್ಯಾಂಬಲ್‌ನಲ್ಲಿ ಅಮೆರಿಕದ ಯುದ್ಧನೌಕೆ ಉತ್ತರದ ಬುಡಕಟ್ಟಿನ ಜನರನ್ನು ಕೊಂದಿತ್ತು. ಅದಕ್ಕೆ ಪ್ರತೀಕಾರವಾಗಿ ದೋಣಿಗಳಲ್ಲಿ ಬಂದವರು 1857ರ ಆಗಸ್ಟ್‌ನಲ್ಲಿ ಈಬೀಯನ್ನು ಕೊಂದರು.

ಇನ್ನೊಂದು ಫೋರ್ಟ್ ಕೇಸಿ. ಹಡಗುಗಳು ನದಿಯೊಳಗೆ ನುಗ್ಗದಂತೆ ಟಿಪ್ಪು ಮಂಗಳೂರಿನಲ್ಲಿ ಸುಲ್ತಾನ್ ಬತ್ತೇರಿ ಕಟ್ಟಿಸಿದನಲ್ಲ, ಇದೂ ಅದೇ ಲೆಕ್ಕ. 1890ರ ದಶಕದ ಕೊನೆಯಲ್ಲಿ ಕೆಲಸ ಶುರುವಾಯಿತು. ಎದುರು ದಡದ ಫೋರ್ಟ್ ವರ್ಡನ್, ಫೋರ್ಟ್ ಫ್ಲ್ಯಾಗ್ಲರ್ ಜೊತೆ ಸೇರಿ ಸಿಯಾಟಲ್ ಕಡೆಯ ಜಲಮಾರ್ಗವನ್ನು ಕಾಯುತ್ತಿತ್ತು. ಗುಂಡು ಹಾರಿಸಿದ ರಭಸಕ್ಕೇ ಗೋಡೆಯ ಹಿಂದೆ ಇಳಿದು ಮರೆಯಾಗುವ ಫಿರಂಗಿಗಳು ಇದರ ವಿಶೇಷ. ಈಗ ನೋಡಲು ಸಿಗುವ ದೊಡ್ಡ ಫಿರಂಗಿಗಳನ್ನು 1960ರ ದಶಕದಲ್ಲಿ ಫಿಲಿಪೈನ್ಸ್‌ನಿಂದ ತಂದದ್ದು. ವಿಮಾನ ಬಂದ ಮೇಲೆ ಇಂಥ ಕೋಟೆಗಳ ಕಾಲ ಮುಗಿಯಿತು.

ತಲೆಯ ಮೇಲಿನ ಸದ್ದು

ಆ ವಿಮಾನವೂ ಇಲ್ಲಿಗೇ ಬಂತು. 1943ರಲ್ಲಿ ನೌಕಾಪಡೆ ಹೊಲಗಳ ನಡುವೆ ಒಂದು ರನ್‌ವೇ ಹಾಕಿತು. ಅದನ್ನೇ ಹಡಗಿನ ಡೆಕ್ ಎಂದು ಭಾವಿಸಿ ಪೈಲಟ್‌ಗಳು ಇಳಿದು, ಕೂಡಲೇ ಮತ್ತೆ ಏರುವ ಅಭ್ಯಾಸ ಮಾಡುತ್ತಾರೆ. ಈಗಿನವು ಗ್ರೌಲರ್ ಜೆಟ್‌ಗಳು. ಹೆಸರಿನಂತೆ ಗುಡುಗುತ್ತವೆ. ಕೋಟೆಯ ಮೇಲೆ ತರಬೇತಿ ವಿಮಾನ ಹಾರುವುದನ್ನು ಕಂಡ ಬೀದರಿನವರಿಗೆ ಈ ನೋಟ ಪರಿಚಿತ.

2019ರಲ್ಲಿ ನೌಕಾಪಡೆ ಇಲ್ಲಿನ ಅಭ್ಯಾಸವನ್ನು ಸುಮಾರು ನಾಲ್ಕು ಪಟ್ಟು ಹೆಚ್ಚಿಸಲು ತೀರ್ಮಾನಿಸಿತು. ವಾಷಿಂಗ್ಟನ್ ರಾಜ್ಯವೂ ಸ್ಥಳೀಯರೂ ಕೋರ್ಟಿಗೆ ಹೋದರು. ಪರಿಸರ ಪರಿಣಾಮದ ಅಧ್ಯಯನ ಸರಿಯಾಗಿಲ್ಲ ಎಂದು 2022ರಲ್ಲಿ ಫೆಡರಲ್ ನ್ಯಾಯಾಧೀಶರು ತೀರ್ಪಿತ್ತರು. ಆದರೂ ಹಾರಾಟ ನಿಲ್ಲಲಿಲ್ಲ. ದ್ವೀಪದಲ್ಲಿ ಅತಿ ಹೆಚ್ಚು ಜನರಿಗೆ ಕೆಲಸ ಕೊಟ್ಟಿರುವುದು ನೌಕಾನೆಲೆಯೇ ಆದ್ದರಿಂದ ಊರಿನಲ್ಲಿ ಎರಡು ಅಭಿಪ್ರಾಯಗಳಿವೆ. ಹೊಲ, ಮನೆ, ಎಲ್ಲೆಗಳನ್ನು ಉಳಿಸಲು ಕಾನೂನು ಬಂತು. ಅಲ್ಲಿನ ಮೌನವೂ ಪರಂಪರೆಯೇ ಎಂಬುದು ಈ ಜಗಳದ ತಿರುಳು.

ಹೋಗುವವರಿಗೆ

ಫೋರ್ಟ್ ಕೇಸಿಗೆ ಡಿಸ್ಕವರ್ ಪಾಸ್ ಬೇಕು. ಒಳಗಿನ ಕೋಣೆಗಳು ಕತ್ತಲು, ಟಾರ್ಚ್ ಇರಲಿ. 1903ರ ದೀಪಸ್ತಂಭ ತಪ್ಪಿಸಬೇಡಿ. ಅಭ್ಯಾಸ ಹಾರಾಟದ ವೇಳಾಪಟ್ಟಿಯನ್ನು ನೌಕಾಪಡೆ ಮೊದಲೇ ಪ್ರಕಟಿಸುತ್ತದೆ. ಚಿಕ್ಕ ಮಕ್ಕಳಿದ್ದರೆ ನೋಡಿಕೊಂಡು ಹೊರಡಿ. ಬುತ್ತಿಗೆ ಚಿತ್ರಾನ್ನ, ಮೊಸರನ್ನ ಕಟ್ಟಿಕೊಂಡರೆ ಕಡಲ ದಂಡೆಯಲ್ಲೇ ಊಟ. ಮಕ್ಕಳಿಗೆ ಫಿರಂಗಿ ತೋರಿಸುವಾಗ ಕ್ಯಾಮಸ್ ಬೆಳೆದವರ ಕಥೆಯನ್ನೂ ಹೇಳಿ. ನಾವೂ ವಲಸೆ ಬಂದವರೇ ಅಲ್ಲವೇ?