ಎರಿ ಮಣ್ಣಿನ ಹಿಡಿತ
(ನಮ್ಮ ನೆಲದ ಕಥಿ, ಕಂತು 6)

ಮೊದಲನೇ ಫೋಟೋ ನೋಡ್ರಿ. ಮೂಡಲಗಿ ಕಡೆಯ ಎರಿ ಹೊಲ, ಬ್ಯಾಸಗಿಯ ಬಿರುಕು. ಮಳಿ ಬಿದ್ದ ಮ್ಯಾಲೆ ಇಂಥ ಹೊಲದಾಗ ನಡೆದವರಿಗೆ ಗೊತ್ತು, ಹೆಜ್ಜಿ ಹೆಜ್ಜಿಗೂ ಚಪ್ಪಲಿ ಭಾರ ಆಗ್ತೈತಿ. ಆ ಬಿರುಕಿಗೂ ಈ ಅಂಟಿಗೂ ಮುಖ್ಯ ಕಾರಣ ಒಂದೇ ಜಾತಿಯ ಖನಿಜ. ದಖ್ಖನ್ ಮೇಲೆ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಕಪ್ಪು ಕಲ್ಲಾಯಿತು, ಆ ಕಲ್ಲು ಸವೆದು ಈ ಮಣ್ಣಾಯಿತು. ಅದರೊಳಗಿನ ಜಿಗುಟು ಖನಿಜದ ಹೆಸರು ಮಾತ್ರ ಫ್ರಾನ್ಸಿನ ಒಂದು ಊರಿನದು: ಮಾಂಟ್‌ಮೊರಿಲೊನೈಟ್. ಇಟ್ಟದ್ದು 1847ರಲ್ಲಿ.

ಈಗ ಇಂಗ್ಲೆಂಡಿಗೆ ಹೋಗೋಣ. ಯಾರ್ಕ್‌ಶೈರಿನ ಜಮೀನುದಾರ ಎಚ್. ಎಸ್. ಥಾಂಪ್ಸನ್‌ಗೆ ಇದ್ದದ್ದು ನಮ್ಮ ರೈತರ ಚಿಂತೆಯೇ: ಹಾಕಿದ ಗೊಬ್ಬರ ಮಳೆಗೆ ಕೊಚ್ಚಿಹೋಗ್ತದೋ ಇಲ್ಲವೋ? ಅಮೋನಿಯಂ ಸಲ್ಫೇಟ್ ಕರಗಿಸಿದ ನೀರನ್ನು ಮಣ್ಣಿನ ಮೂಲಕ ಸೋಸಿದರು. ಕೆಳಗೆ ಅಮೋನಿಯಾ ಬರಲಿಲ್ಲ, ಜಿಪ್ಸಂ ಬಂತು! ಮಣ್ಣು ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಟ್ಟಿತ್ತು. ಇದು ಪ್ರಕಟವಾದದ್ದು 1850ರಲ್ಲಿ. ಅದೇ ವರ್ಷ ಜೆ. ಥಾಮಸ್ ವೇ ಎಂಬ ರಸಾಯನಶಾಸ್ತ್ರಜ್ಞ, ಈ ಕೆಲಸ ಮಾಡೋದು ಮಣ್ಣಿನೊಳಗಿನ ಜೇಡಿ ಎಂದು ತೋರಿಸಿದ. ಇವತ್ತು ಪಠ್ಯದಲ್ಲಿ ಬರುವ 'ಅಯಾನು ವಿನಿಮಯ'ದ ಬೇರು ಇದು. ಲ್ಯಾಬ್ ಅಲ್ಲ, ಗೊಬ್ಬರದ ಲೆಕ್ಕ!

ಹೇಗೆ ಹಿಡಿತದ? ಜೇಡಿಯ ತೆಳು ಪದರಗಳ ಮೇಲೆ ಋಣ ವಿದ್ಯುದಂಶ ಇದೆ. ಅಲ್ಲಿ ಕ್ಯಾಲ್ಸಿಯಂ, ಸೋಡಿಯಂ ಕೂತಿರ್ತಾವೆ. ಹೊಲಸು ನೀರಿನಲ್ಲಿ ಸೀಸ, ಕ್ಯಾಡ್ಮಿಯಂ, ತಾಮ್ರ ಬಂದರೆ ಇವು ಎದ್ದು ಅವಕ್ಕೆ ಸೀಟು ಬಿಡ್ತಾವೆ. ಗೋಕಾಕ ಬಸ್ಸಿನಲ್ಲಿ ಟವಲ್ ಹಾಕಿ ಹಿಡಿದ ಸೀಟು ಬಿಡೋದು ಕಷ್ಟ, ಇಲ್ಲಿ ಹಂಗಿಲ್ಲ. ಸೀಟಿನ ಲೆಕ್ಕವೂ ಇದೆ: 100 ಗ್ರಾಂ ಮಾಂಟ್‌ಮೊರಿಲೊನೈಟ್‌ನಲ್ಲಿ 80ರಿಂದ 120 ಮಿಲಿಈಕ್ವಿವಲೆಂಟ್, ಬಿಳಿ ಜೇಡಿ ಕೆಯೊಲಿನೈಟ್‌ನಲ್ಲಿ 3ರಿಂದ 15 ಅಷ್ಟೇ.

ಇದು ಯಾಕೆ ಬೇಕು ಅಂದ್ರೆ, ಭಾರ ಲೋಹ ಕುದಿಸಿದರೆ ಹೋಗಂಗಿಲ್ಲ. ಕುಡಿಯುವ ನೀರಿನಲ್ಲಿ ಸೀಸದ ಭಾರತೀಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಂದರೆ ಮನೆ ಮೇಲಿನ 1000 ಲೀಟರ್ ಟ್ಯಾಂಕಿಗೆ 10 ಮಿಲಿಗ್ರಾಂ! ಪ್ಲೇಟಿಂಗ್ ಶೆಡ್ಡು, ಹಳೆ ಬ್ಯಾಟರಿ ಒಡೆಯುವ ಜಾಗ ಇದ್ದಲ್ಲೆಲ್ಲ ಈ ಪ್ರಶ್ನೆ ಇದೆ.

ಹಂಗಾದ್ರ ಪೈಪಿಗೆ ಎರಿ ಮಣ್ಣು ತುಂಬಿದರೆ ಮುಗೀತಾ? ಇಲ್ಲ. ನೀರು ತಾಗಿದ ಕೂಡಲೇ ಅದು ಉಬ್ಬಿ ದಾರಿ ಮುಚ್ತದೆ. ಅದಕ್ಕೇ ಜೇಡಿಯನ್ನು ನೀರಿನಲ್ಲಿ ಕಲಸಿ ಆಮೇಲೆ ತಳಕ್ಕಿಳಿಸಬೇಕು, ಇಲ್ಲವೇ ಹರಳಿನಂತಿರುವ ಜಿಯೋಲೈಟ್ ಬಳಸಬೇಕು. ಜಿಯೋಲೈಟ್ ಅಂದರೆ 'ಕುದಿಯುವ ಕಲ್ಲು'. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಟ್ ಇಟ್ಟ ಹೆಸರು. ನಮ್ಮದೇ ಲಾವಾ ಕಲ್ಲಿನ ಪೊಳ್ಳುಗಳಲ್ಲಿ, ಪುಣೆ, ನಾಸಿಕ ಕಡೆ, ಇದರ ಚೆಂದದ ಹರಳು ಸಿಗ್ತಾವೆ. ಕ್ರೋಮಿಯಂನ ವಿಷಕಾರಿ ರೂಪ ಕ್ರೋಮೇಟ್ ಮಾತ್ರ ಈ ಎರಡಕ್ಕೂ ಸರಿಯಾಗಿ ಸಿಗಲ್ಲ. ಅದರದೂ ಋಣ ವಿದ್ಯುದಂಶ, ಜೇಡಿ ದೂರ ತಳ್ತದೆ.

ಇನ್ನೊಂದು, ನನಗೆ ಇದೇ ದೊಡ್ಡದು ಅನಸ್ತದ. ಹಿಡಿದ ಲೋಹ ಮಾಯ ಆಗಿಲ್ಲ, ಮಣ್ಣಿನಲ್ಲೇ ಇದೆ. 2011ರ ನಂತರ ಜಪಾನಿನ ಫುಕುಶಿಮಾದಲ್ಲಿ ಸೀಸಿಯಂ ಹೀರಲು ನೆಲಮಾಳಿಗೆಯಲ್ಲಿ ಇಟ್ಟ ಜಿಯೋಲೈಟ್ ಮೂಟೆಗಳು ವಿಕಿರಣ ತುಂಬಿಕೊಂಡವು, ಅವನ್ನು ತೆಗೆಯೋದೇ ಬೇರೆ ತಲೆನೋವಾಯ್ತು. ನಮ್ಮ ಕಡೆ 'ಹೊಲಸು ನೀರು ಎರಿಗೆ ಬಿಡ್ರಿ, ಭೂಮಿ ಕುಡೀತದ' ಅಂದ್ರೆ, ಗೊಬ್ಬರ ಹಿಡಿಯುವ ಅದೇ ಹಿಡಿತ ಸೀಸವನ್ನೂ ಮೇಲ್ಪದರದಲ್ಲಿ, ಬೇರಿನ ಹತ್ತಿರವೇ ಇಟ್ಟುಕೊಳ್ತದೆ. ಹುಳಿ ನೀರು ಬಿದ್ದಾಗ ಅದರಲ್ಲಿ ಒಂದಿಷ್ಟನ್ನು ಮತ್ತೆ ಬಿಡ್ತದೆ. ಜೇಡಿ ಟ್ಯಾಂಕಿನಲ್ಲಿದ್ದರೆ ಸೀಟು ತುಂಬಿದ ಮೇಲೆ ಎತ್ತಿ ಬೇರೆ ಇಡಬಹುದು. ಹೊಲವನ್ನು ಎತ್ತಿ ಎಲ್ಲಿಡ್ತೀರಿ?

ಹುಕ್ಕೇರಿ ಕಡೆಯ ಕೆಂಪು ಮಸಾರಿಯ ಸ್ವಭಾವ ಬೇರೆ. ಅದು ಮುಂದಿನ ಕಂತಿಗೆ.

#ಎರಿಮಣ್ಣು #ಗೋಕಾಕ #ಮೂಡಲಗಿ #ಹುಕ್ಕೇರಿ